ಮುಯ್ಯಿಗೆ ಬಂದವರು

ಹೊಸನಗರ
೧೨ ಏಪ್ರಿಲ್ ೨೦೨೪

ವಿಭಾ,

ಗೋಣಿಚೀಲದಲ್ಲಿರುವುದು ಮೂಕಾಂಬಿಕಮ್ಮನ ಮನೆಯ ಜನರೇಟರ್. ಜನವರಿಯಲ್ಲಿ, ಹಳ್ಳ ಬತ್ತುವ ಮೊದಲೇ ಸುಟ್ಟುಹೋಯಿತು. ಶಿವಮೊಗ್ಗದ ಅಂಗಡಿಯೊಂದರಲ್ಲಿ ಹೊಸದು ಕೊಳ್ಳಿ ಎಂದರು. ನೀನಾದರೆ ಬಿಚ್ಚಿ ನೋಡದೆ ಹಾಗೆ ಹೇಳುವುದಿಲ್ಲ ಎಂದು ಸಾಗರದ ಬೆಳಗಿನ ಬಸ್ಸಿಗೆ ಹಾಕಿದ್ದೇನೆ. ಪತ್ರವನ್ನೂ ಅದರೊಳಗೇ ಇಟ್ಟಿದ್ದೇನೆ. ಕಳೆದ ದೀಪಾವಳಿಯ ಹೊತ್ತಿಗೆ ನೀನು ನಮ್ಮಿಬ್ಬರ ಕಂಪನಿ ಬಿಟ್ಟು ಹೊರಟಾಗ, "ಫೋನ್ ಮಾಡ್ಬೇಡ ಮಾರಾಯ್ತಿ, ಇಬ್ರಲ್ಲಿ ಒಬ್ರು ಮಧ್ಯದಲ್ಲೇ ಇಟ್ಟುಬಿಡ್ತೀವಿ. ಹೇಳೋದಿದ್ರೆ ಬರಿ" ಎಂದು ನೀನೇ ಹೇಳಿದ್ದೆ. ಬರೆಯುತ್ತಿದ್ದೇನೆ.

'ಅಬ್ಬಿ'ಯನ್ನು ಮುಚ್ಚಿಲ್ಲ. ಹಳ್ಳಕ್ಕೆ ಯಂತ್ರ ಕೂರಿಸಿ ಒಂದೊಂದು ಮನೆಗೆ ಕರೆಂಟು ಕೊಡುವ ಕಂಪನಿ ಎಂದರೆ ಜನ ಈಗಲೂ ನಗುತ್ತಾರೆ. ಮಳೆಗಾಲದಲ್ಲಿ ಮರ ಬಿದ್ದು ಲೈನ್ ಹೋದ ಮೇಲೆ ಅವರೇ ಫೋನ್ ಮಾಡುತ್ತಾರೆ. ಬೆಂಗಳೂರಿನ ಒಂದು ಟ್ರಸ್ಟಿನವರು ದೀಪಾವಳಿಯ ನಂತರ ನೋಡಲು ಬರುತ್ತಾರೆ. ನಾವು ಕೂರಿಸಿದ ಯಂತ್ರಗಳೆಲ್ಲ ಆಗ ತಿರುಗುತ್ತಿದ್ದರೆ ಬ್ಯಾಕೋಡು ಕಡೆಯ ಮನೆಗಳ ಕೆಲಸ ನಮಗೆ. ಇಲ್ಲದಿದ್ದರೆ ಕಚೇರಿಯ ಬೀಗದ ಕೈಯನ್ನು ಕಟ್ಟಡದವರಿಗೆ ಕೊಟ್ಟು ತೀರ್ಥಹಳ್ಳಿಯ ಮನೆಗೆ ಹೋಗುತ್ತೇನೆ. ಎರಡೇ ದಾರಿ.

ನೀನು ಹೋದ ಮೇಲೆ ಮೂವರನ್ನು ತೆಗೆದುಕೊಂಡಿದ್ದೇನೆ.

ಶಿವರಾಮಯ್ಯ ಜೋಗದ ವಿದ್ಯುದಾಗಾರದಲ್ಲಿ ಆಪರೇಟರ್ ಆಗಿದ್ದು ನಿವೃತ್ತರಾದವರು. ನಾನು ಸಂದರ್ಶನಕ್ಕೆ ಕರೆದರೆ ಅವರೇ ನನ್ನನ್ನು ಕೇಳಿದರು: "ನಿಮ್ಮಲ್ಲಿ ಪಾಳಿ ಬಿಡೋವಾಗ ಯಾರು ಯಾರಿಗೆ ಹೇಳಿ ಹೋಗ್ಬೇಕು?" ಪಾಳಿ ಇಲ್ಲ, ಬೆಳಿಗ್ಗೆ ಬಂದು ಸಂಜೆ ಐದಕ್ಕೆ ಹೋಗಬಹುದು ಎಂದೆ. "ಹಂಗಾದ್ರೆ ಯಂತ್ರನೂ ಐದಕ್ಕೆ ಮನೆಗೆ ಹೋಗುತ್ತಾ ಮೇಡಂ?" ಎಂದರು.

ಭವ್ಯಶ್ರೀ ತೀರ್ಥಹಳ್ಳಿಯವಳು, ಬಿ.ಕಾಂ. ಮಾಡಿದ್ದಾಳೆ. ಫೋನ್ ಮತ್ತು ಬಿಲ್ ಅವಳದು. ದೂರು ಹೇಳುವವರು ಮುಗಿಸುವತನಕ ಸುಮ್ಮನೆ ಕೇಳಬಲ್ಲಳು. ನನಗೆ ಅದು ಬರುವುದಿಲ್ಲ, ನಿನಗೆ ಗೊತ್ತು.

ಸತೀಶನನ್ನು ನೀನೂ ಬಲ್ಲೆ. ಆಗ ಪೈಪು ಹೊರಲು ಬರುತ್ತಿದ್ದವನನ್ನು ಈಗ ಖಾಯಂ ಮಾಡಿಕೊಂಡಿದ್ದೇನೆ. ಬಂಡೆ, ಮರ, ಕಂಬ ಯಾವುದನ್ನಾದರೂ ಹತ್ತುತ್ತಾನೆ. ಕಳೆದ ಭಾನುವಾರ ಹೇಳದೆ ಕೇಳದೆ ಬಂದು ಕಚೇರಿಯ ಒಡೆದ ಹಂಚು ಬದಲಿಸಿ ಕೈಯಾಡಿಸಿಕೊಟ್ಟ. ದುಡ್ಡು ಕೊಡಹೋದರೆ "ಇರ್ಲಿ ಬಿಡಿ ಅಕ್ಕಾ" ಎಂದು ಹೊರಟುಹೋದ. ಒಳ್ಳೆಯವನು.

ನಿನ್ನ ಕುರ್ಚಿ ಹಾಗೇ ಇದೆ. ಸದ್ಯಕ್ಕೆ ಅದರ ಮೇಲೆ ಪೈಪಿನ ಸುರುಳಿ ಇಟ್ಟಿದ್ದೇವೆ.

ಸೌಜನ್ಯಾ


ಸಾಗರ
೧೯ ಏಪ್ರಿಲ್ ೨೦೨೪

ಸೌಜನ್ಯಾ,

ಜನರೇಟರಿಗೆ ಹೊಸ ವೈಂಡಿಂಗ್ ಮಾಡಿದ್ದೇನೆ. ಕಾಯಿಲ್ ಸುಟ್ಟದ್ದು ಲೋಡ್ ಹೆಚ್ಚಾಗಿ ಅಲ್ಲ, ಲೋಡೇ ಇಲ್ಲದೆ ಯಂತ್ರ ಮಿತಿಮೀರಿ ತಿರುಗಿ. ಮನೆಯಲ್ಲಿ ಖರ್ಚಾಗದೆ ಉಳಿದ ಕರೆಂಟು ಬಚ್ಚಲ ಹಂಡೆಯ ಹೀಟರಿಗೆ ಹೋಗಬೇಕು. ಆ ಹೀಟರನ್ನು ಕಿತ್ತಿಟ್ಟು ಯಂತ್ರ ಓಡಿಸಿದ್ದಾರೆ. ಹೋದಾಗ ಯಾಕೆ ಕಿತ್ತರು ಎಂದು ಕೇಳು. ಯಾರು ಕಿತ್ತರು ಎಂದು ಕೇಳಬೇಡ.

ಅಪ್ಪನ ವೈಂಡಿಂಗ್ ಅಂಗಡಿಯಲ್ಲಿ ಚೀಲ ಬಿಚ್ಚುವಾಗ ಅಮ್ಮ ಬುತ್ತಿ ತಂದಿದ್ದಳು. ಪತ್ರ ನೋಡಿ ನಿನ್ನನ್ನೇ ವಿಚಾರಿಸುತ್ತ, "ಎಂತ ಬರದ್ದು ಕೂಸು? ಊಟಕ್ಕೆ ಬತ್ತಡಾ?" ಎಂದಳು. "ಇಲ್ಲೆ, ಬರೀ ಜನರೇಟರ್ ಕಳ್ಸಿದ್ದು" ಎಂದೆ.

ಪತ್ರವನ್ನು ಎರಡು ಸಲ ಓದಿದೆ. ಮೂವರಿಗೂ ಏನೇನು ಬರುತ್ತದೆ ಎಂದು ಬರೆದಿದ್ದೀಯ. ಯಾರಿಗೆ ಯಾರೊಡನೆ ಹೊಂದುತ್ತದೆ, ಮಧ್ಯಾಹ್ನ ಬುತ್ತಿ ಬಿಚ್ಚುವಾಗ ಯಾರು ಯಾರ ಪಕ್ಕ ಕೂರುತ್ತಾರೆ ಎಂದು ಬರೆದಿಲ್ಲ. ಅದು ಗೊತ್ತಿಲ್ಲದೆ ತಂಡ ಇದೆ ಎನ್ನಲಾಗದು. ಮೂವರು ಇದ್ದಾರೆ, ಅಷ್ಟೆ.

ಇನ್ನೊಂದು. ನಿನ್ನ ಪತ್ರದಲ್ಲಿ ನಿನ್ನದು ಅನ್ನುವ ಒಂದು ಪ್ರಶ್ನೆಯೂ ಇಲ್ಲ. ನಾನು ಅಲ್ಲಿದ್ದಾಗಲೂ ಹಾಗೆಯೇ. ಪ್ರತಿಯೊಂದು ತೀರ್ಮಾನವೂ ನನಗೆ ಸುದ್ದಿಯಾಗಿಯೇ ಬರುತ್ತಿತ್ತು.

ಕುರ್ಚಿ ಪೈಪಿಗೇ ಇರಲಿ.

ವಿಭಾ


ಹೊಸನಗರ
೩೦ ಜೂನ್ ೨೦೨೪

ವಿಭಾ,

ಮಳೆ ಹಿಡಿದಿದೆ. ಎಲ್ಲ ಯಂತ್ರಗಳೂ ತಿರುಗುತ್ತಿವೆ, ಮೂಕಾಂಬಿಕಮ್ಮನದೂ. ಹೀಟರ್ ಯಾಕೆ ಕಿತ್ತಿರಿ ಎಂದು ಕೇಳಿದೆ. "ಒಲೆ ಮೇಲೆ ಕಾಯ್ದ ನೀರು ಮೈಗೆ ಹತ್ತುತ್ತೆ ಕಣೇ. ಇದು ಬರೀ ಬಿಸಿ" ಎಂದರು. ಶಿವರಾಮಯ್ಯ ಒಲೆಯ ಹಂಡೆಯನ್ನು ಮುಟ್ಟದೆ, ಕೊಟ್ಟಿಗೆಯಲ್ಲಿ ಇನ್ನೊಂದು ಹಂಡೆ ಇಟ್ಟು ಹೀಟರನ್ನು ಅಲ್ಲಿಗೆ ಕೊಟ್ಟರು. ಈಗ ದನಗಳಿಗೆ ಹಿಂಡಿ, ತೌಡು ಕಲಸಲು ಬಿಸಿನೀರು. ಮೂಕಾಂಬಿಕಮ್ಮನಿಗೂ ಸಮಾಧಾನ.

ಬುತ್ತಿಯ ವಿಷಯ ನೀನು ಹೇಳಿದ ಮೇಲೆ ಗಮನಿಸಿದೆ. ಭವ್ಯಶ್ರೀ ಮತ್ತು ಶಿವರಾಮಯ್ಯ ಕಿಟಕಿಯ ಪಕ್ಕ ಕೂತು ಉಪ್ಪಿನಕಾಯಿ ಬದಲಾಯಿಸಿಕೊಳ್ಳುತ್ತಾರೆ. ದಿನಾ ಸಂಜೆ ಅವರು ಕಳಿಸುವ ವಾಟ್ಸಾಪ್ ಧ್ವನಿ ಸಂದೇಶಗಳನ್ನು ಅವಳು ಅನುಕರಿಸುತ್ತಾಳೆ. "ಮೂಕಾಂಬಿಕಮ್ಮನವರ ಯಂತ್ರ, ಸಂಜೆ ಬಿಡುವಾಗ ಸದ್ದು ಸಣ್ಣಗೆ ಕೊರೆಯೋ ಹಂಗಿತ್ತು, ಬೆಳಿಗ್ಗೆ ಹೋಗೋರು ಬೇರಿಂಗ್ ನೋಡತಕ್ಕದ್ದು." ಅವರು ಕೋಪಿಸಿಕೊಳ್ಳುವುದಿಲ್ಲ. "ನೋಡತಕ್ಕದ್ದು ಅಂತ ಹೇಳಿ ನೋಡ್ದೆ ಹೋದವ್ರನ್ನ ನಾನು ಬೇಕಾದಷ್ಟು ಕಂಡಿದೀನಿ ಮಗಾ" ಎನ್ನುತ್ತಾರೆ. ಸತೀಶ ಬುತ್ತಿ ತರುವುದಿಲ್ಲ. ಕೆಲಸಕ್ಕೆ ಹೋದ ಮನೆಯಲ್ಲೇ ಊಟ.

ಹೊಸ ನಿಯಮ ಮಾಡಿದ್ದೇನೆ. ಪ್ರತಿ ಭೇಟಿಗೂ ಸರ್ವಿಸ್ ಶುಲ್ಕ, ರಸೀದಿ ಭವ್ಯಶ್ರೀಯ ಫೋನಿನಿಂದ. ಶಿವರಾಮಯ್ಯ ಹೋದ ಮನೆಗಳಿಂದ ಬರುತ್ತಿದೆ. ಸತೀಶ ಹೋದ ಮನೆಗಳಿಂದ ಬಂದಿಲ್ಲ. ಕೇಳಿದರೆ, "ಕೊಡ್ತಾರೆ ಅಕ್ಕಾ, ಅವ್ರೆಲ್ಲಿ ಊರು ಬಿಟ್ಟು ಓಡಿಹೋಗ್ತಾರೆ" ಎನ್ನುತ್ತಾನೆ.

ಈ ಚೀಲದಲ್ಲಿ ಎರಡು ಜನರೇಟರ್ ಇವೆ.

ಸೌಜನ್ಯಾ


ಹೊಸನಗರ
೨೪ ಜುಲೈ ೨೦೨೪

ವಿಭಾ,

ಜನರೇಟರ್‌ಗಳು ಬಂದವು. ಚೀಲದಲ್ಲಿ ಪತ್ರವಿರಲಿಲ್ಲ. ಇರಲಿ.

ಸತೀಶನನ್ನು ಕೆಲಸದಿಂದ ತೆಗೆದಿದ್ದೇನೆ.

ನಡೆದದ್ದು ಇಷ್ಟು. ಶುಲ್ಕ ಕೇಳಲು ನಾನೇ ನಗರ ಹೋಬಳಿಯ ಹೂವಯ್ಯನವರ ಮನೆಗೆ ಹೋದೆ. ಅವರು ಜಗಲಿಯಲ್ಲಿ ಕೂತು ಕಾಫಿ ಕುಡಿಯುತ್ತಿದ್ದರು. "ದುಡ್ಡಾ? ಎಂತಕ್ಕೆ ದುಡ್ಡು? ಸತೀಶ ಬಂದು ಯಂತ್ರ ಸರಿ ಮಾಡ್ದ, ನಾವು ಮನೆಮಂದಿಯೆಲ್ಲ ಹೋಗಿ ಅವ್ನ ಗದ್ದೆ ನಟ್ಟಿ ಮುಗ್ಸಿ ಬಂದ್ವಲ್ಲ. ಸರಿಗೆ ಸರಿ ಆತು" ಎಂದರು. ಆ ಹಳ್ಳದ ಉಳಿದ ಮನೆಗಳಲ್ಲೂ ಇದೇ ಉತ್ತರ. ಇವನು ಕಂಪನಿಯ ಸಂಬಳ ತೆಗೆದುಕೊಂಡು, ಕಂಪನಿಯ ಬೇರಿಂಗ್ ಹಾಕಿ, ತನ್ನ ಗದ್ದೆಗೆ ಮುಯ್ಯಾಳು ಮಾಡಿಕೊಂಡಿದ್ದಾನೆ.

ಮುಯ್ಯಾಳು ಎಂದರೇನೆಂದು ನನಗೆ ಗೊತ್ತು. ನಾನು ನಿಮ್ಮ ಮನೆಯ ಕೆಲಸಕ್ಕೆ ಬಂದರೆ ನೀವು ನಮ್ಮ ಮನೆಯ ಕೆಲಸಕ್ಕೆ ಬರಬೇಕು. ನಮ್ಮ ಮನೆಯಲ್ಲಿ ಆ ಪದ್ಧತಿ ಇರಲಿಲ್ಲ, ಆಳುಗಳೇ ಬರುತ್ತಿದ್ದರು. ಆದರೆ ಗೊತ್ತಿಲ್ಲದ ವಿಷಯವೇನಲ್ಲ. ಅದು ಅವರವರ ಮೈ ಬೆವರಿನ ಲೆಕ್ಕ. ಕಂಪನಿಯ ಕೆಲಸಕ್ಕೆ ಅದನ್ನು ತರುವುದು ಮೋಸ.

ಮರುದಿನ ಕಚೇರಿಗೆ ಕರೆದು ಹೇಳಿದೆ. ಅವನು ವಾದ ಮಾಡಲಿಲ್ಲ. "ಅವ್ರ ಮನೇಲಿ ಉಂಡು, ಅದೇ ಕೈಯಲ್ಲಿ ಬಿಲ್ ಕೊಡಕ್ಕೆ ನಂಗೆ ಬರ್ಲಿಲ್ಲ ಅಕ್ಕಾ" ಎಂದ. ಉಪಕರಣದ ಚೀಲವನ್ನು ನಿನ್ನ ಕುರ್ಚಿಯ ಮೇಲಿಟ್ಟು ಹೋದ. ಶಿವರಾಮಯ್ಯ, ಭವ್ಯಶ್ರೀ ಇಬ್ಬರೂ ಅಲ್ಲೇ ಇದ್ದರು.

ಹೊಸಬನನ್ನು ಹುಡುಕುತ್ತಿದ್ದೇನೆ.

ಸೌಜನ್ಯಾ


ಸಾಗರ
೨೯ ಜುಲೈ ೨೦೨೪

ಸೌಜನ್ಯಾ,

ಸತೀಶ ಭಾನುವಾರ ಇಲ್ಲಿಗೆ ಬಂದಿದ್ದ. ಕೆಲಸ ಕೇಳಲು ಎಂದುಕೊಂಡೆ, ಅಲ್ಲ. ಯಾವ ಯಾವ ಮನೆಯ ಯಂತ್ರದಲ್ಲಿ ಏನೇನು ಬಾಕಿ ಇದೆ ಎಂದು ನನಗೆ ಹೇಳಿ ಹೋದ. "ಅಕ್ಕಂಗೆ ಹೇಳಿದ್ರೆ ಸಿಟ್ಟಾಗ್ತಾರೆ. ಶಿವರಾಮಯ್ಯೋರು ಕಲ್ಸಿದ್ದು, ಬಿಡೋನು ಹೇಳ್ದೆ ಬಿಡ್ಬಾರ್ದು ಅಂತ" ಎಂದ. ಅವನು ಹೇಳಿದ್ದನ್ನೆಲ್ಲ ಬೇರೆ ಹಾಳೆಯಲ್ಲಿ ಬರೆದು ಇದರ ಜೊತೆ ಇಟ್ಟಿದ್ದೇನೆ.

ಅವನು ಮಾಡಿದ್ದು ಸರಿಯಲ್ಲ. ಬೇರಿಂಗ್ ಕಂಪನಿಯದು, ಗದ್ದೆ ಅವನದು. ನಾನು ಹಾಗೆಂದು ಅವನಿಗೂ ಹೇಳಿದೆ. ಹೌದೆಂದು ಒಪ್ಪಿದ.

ನೀನು ಅವನನ್ನು ತೆಗೆಯುವ ಮೊದಲು ಅಲ್ಲೇ ಕೂತಿದ್ದ ಇಬ್ಬರನ್ನು ಏನಾದರೂ ಕೇಳಿದೆಯಾ? ನಿನ್ನ ಪತ್ರದಲ್ಲಿ ಅದು ಇಲ್ಲ. ಕೇಳಿದ್ದರೆ ಬರೆದಿರುತ್ತಿದ್ದೆ.

ವಿಭಾ


ಹೊಸನಗರ
೧೯ ಆಗಸ್ಟ್ ೨೦೨೪

ವಿಭಾ,

ಹೊಸಬ ಬಂದ. ಐ.ಟಿ.ಐ. ಮಾಡಿದವನು, ಕೆಲಸ ಬಲ್ಲವನು. ವಾರ ತುಂಬುವ ಮೊದಲೇ ಬಿಟ್ಟು ಹೋದ. ಹಳ್ಳದಲ್ಲಿ ರಕ್ತ ಹೀರುವ ಇಂಬಳ ಹೆಚ್ಚಾಯಿತು ಎಂದ. ಕಾರಣ ಅದಲ್ಲ. ಯಾವ ಮನೆಯಲ್ಲೂ ಅವನನ್ನು ಒಳಗೆ ಕರೆದು ಕೂರಿಸಲಿಲ್ಲ.

ಹೂವಯ್ಯನವರ ಹಳ್ಳದ ಯಂತ್ರಗಳು ನಿಂತಿವೆ. ಒಂದೂ ಕೆಟ್ಟಿಲ್ಲ. ಒಡ್ಡಿನ ಜಾಲರಿಗೆ ದರಗೆಲೆ ಬಂದು ಕಟ್ಟಿಕೊಂಡು ಪೈಪಿಗೆ ನೀರೇ ಇಳಿಯುತ್ತಿಲ್ಲ, ಅಷ್ಟೆ. ಕೈಹಾಕಿ ಎಳೆದರೆ ಹೋಗುವ ಕಸ. ಇಷ್ಟು ದಿನ ಅದನ್ನು ಯಾರು ತೆಗೆಯುತ್ತಿದ್ದರು ಎಂದು ನನಗೆ ಗೊತ್ತಿರಲಿಲ್ಲ. ಗದ್ದೆಗೆ ಹೋಗುವವರು, ಸೊಪ್ಪು ತರುವವರು, ಹೋಗುತ್ತ ಬರುತ್ತ ಯಾರದೋ ಜಾಲರಿಯನ್ನು ಯಾರೋ ತೆಗೆಯುತ್ತಿದ್ದರಂತೆ. ಅವರ ಲೆಕ್ಕದಲ್ಲಿ ಸತೀಶ ಮುಯ್ಯಾಳು, ಇದು ಸತೀಶನ ಯಂತ್ರ. ಈಗ ಫೋನ್ ಬರುತ್ತದೆ: "ಕರೆಂಟಿಲ್ಲ ಮೇಡಂ. ಕಂಪನಿಯೋರು ಬಂದು ಕಸ ತೆಗೀಲಿ. ದುಡ್ಡು ಕೊಡ್ತೀವಲ್ಲ."

ಅವರು ಹೇಳುವುದರಲ್ಲಿ ತಪ್ಪಿಲ್ಲ. ನಿಯಮ ನನ್ನದೇ.

ನಾನು, ಶಿವರಾಮಯ್ಯ, ಭವ್ಯಶ್ರೀ ಮೂವರೂ ದಿನಾ ಹಳ್ಳ ಹತ್ತಿ ಕಸ ಎಳೆಯುತ್ತಿದ್ದೇವೆ. ಮೇಲಿನ ಒಡ್ಡು ಮುಗಿಸಿ ಕೆಳಗೆ ಬರುವಷ್ಟರಲ್ಲಿ ಮೇಲಿನದು ಮತ್ತೆ ಕಟ್ಟಿರುತ್ತದೆ. ಭವ್ಯಶ್ರೀ ನಿನ್ನೆ ಬಂಡೆಯ ಮೇಲೆ ಕೂತು ಕಾಲಿನ ಇಂಬಳ ಬಿಡಿಸುತ್ತ, "ಬಿ.ಕಾಂ.ನಲ್ಲಿ ಇದೊಂದು ಸಬ್ಜೆಕ್ಟ್ ಇರ್ಲಿಲ್ಲ ಅಕ್ಕಾ" ಎಂದಳು. ಶಿವರಾಮಯ್ಯ ಮೊದಲ ಬಾರಿಗೆ ಸತೀಶನ ಮಾತೆತ್ತಿದರು. "ಪಾಳಿಯಲ್ಲಿ ಒಬ್ಬ ಕಮ್ಮಿ ಬಿದ್ರೆ ನಾವು ಯಂತ್ರ ನಿಲ್ಸ್ತಿದ್ವಿ ಮೇಡಂ. ನೀವು ಮನುಷ್ಯನ್ನ ನಿಲ್ಸಿ ಯಂತ್ರ ಓಡ್ಸಕ್ಕೆ ನೋಡ್ತಿದೀರಿ. ನಾನು ಈ ತಿಂಗಳು ಇರ್ತೀನಿ. ಮುಂದಿಂದು ಹೇಳಕ್ಕಾಗಲ್ಲ."

ಅವರೂ ಹೋದರೆ ದೀಪಾವಳಿಯವರೆಗೆ ಕಾಯುವ ಅಗತ್ಯವಿಲ್ಲ. ಏನು ಮಾಡಬೇಕೋ ತಿಳಿಯುತ್ತಿಲ್ಲ.

ಸೌಜನ್ಯಾ


ಸಾಗರ
೨೨ ಆಗಸ್ಟ್ ೨೦೨೪

ಸೌಜನ್ಯಾ,

ಇದೂ ಪ್ರಶ್ನೆಯಲ್ಲ. ಆದರೂ ಉತ್ತರ ಬರೆಯುತ್ತೇನೆ.

ಏಪ್ರಿಲ್‌ನ ನಿನ್ನ ಪತ್ರ ತೆಗೆದು ನೋಡಿದೆ. ಸತೀಶ ಒಂದು ಭಾನುವಾರ ಬಂದು ನಿನ್ನ ಕಚೇರಿಯ ಹಂಚು ಕೈಯಾಡಿಸಿದ್ದ. ನೀನು ದುಡ್ಡು ಕೊಡಹೋದೆ, ಅವನು ಬೇಡ ಎಂದ. ನೀನು 'ಒಳ್ಳೆಯವನು' ಎಂದು ಬರೆದು ಅದನ್ನು ಅಲ್ಲಿಗೇ ಬಿಟ್ಟೆ. ಅದು ಒಳ್ಳೆಯತನವಲ್ಲ, ಮುಯ್ಯಿ. ನಿನ್ನ ಮನೆಯ ಕೆಲಸಕ್ಕೆ ಬಂದ. ನೀನು ಅವನ ಮನೆಯ ಕೆಲಸಕ್ಕೆ ಹೋಗಿಲ್ಲ. ನಟ್ಟಿಗೆ ಹೂವಯ್ಯನ ಮನೆಯವರೆಲ್ಲ ಹೋಗಿದ್ದರು, ನೀನು ಹೋಗಲಿಲ್ಲ. ಅವನ ಮನೆಯಲ್ಲಿ ಅದನ್ನು ಗಮನಿಸದೆ ಇರುವುದಿಲ್ಲ.

ಅವನನ್ನು ಕೆಲಸಕ್ಕೆ ಕರೆಯಲು ಹೋಗಬೇಡ. ಕೆಲಸ ಮಾಡಲು ಹೋಗು. ಈಗ ಕಳೆ ತೆಗೆಯುವ ಸಮಯ. ಅಲ್ಲಿ ಕಂಪನಿಯ ಮಾತು ನೀನು ಎತ್ತಬೇಡ.

ಹೋಗುವ ಮೊದಲು ಆ ಇಬ್ಬರನ್ನು ಕೇಳು.

ವಿಭಾ


ಹೊಸನಗರ
೧೦ ಸೆಪ್ಟೆಂಬರ್ ೨೦೨೪

ವಿಭಾ,

ಕೇಳಿದೆ. ಶಿವರಾಮಯ್ಯ, "ಕೂತು ಏಳಕ್ಕೆ ಮಂಡಿ ಬಿಡಲ್ಲ, ಬದು ಮಾಡ್ತೀನಿ, ಬರ್ತೀನಿ" ಎಂದರು. ಭವ್ಯಶ್ರೀ, "ಹಂಗಾದ್ರೆ ನಾಳೆನೇ ಹೋಗಣ, ಮನಸ್ಸು ಬದಲಾದ್ರೆ ಕಷ್ಟ" ಎಂದಳು. ಯಾರ ಮನಸ್ಸು ಎಂದು ಹೇಳಲಿಲ್ಲ.

ಸತೀಶನ ಅಮ್ಮ ಕೆರಿಯಮ್ಮ ನಮ್ಮನ್ನು ಗದ್ದೆಯ ಅಂಚಿನಲ್ಲಿ ಕಂಡರೂ ಯಾಕೆ ಬಂದಿರಿ ಎಂದು ಕೇಳಲಿಲ್ಲ. ಮೂರು ಕಂಬಳಿಕೊಪ್ಪೆ ತಂದುಕೊಟ್ಟರು. ಸತೀಶ ಗದ್ದೆಯ ನಡುವೆ ನಿಂತು ನೋಡಿದ, ಮತ್ತೆ ಬಗ್ಗಿದ. ಸ್ವಲ್ಪ ಹೊತ್ತಿಗೆ ಕೆರಿಯಮ್ಮ ನನ್ನ ಕೈಯಲ್ಲಿದ್ದುದನ್ನು ನೋಡಿ ಜೋರಾಗಿ, "ಏ ಸತೀಶಾ, ನಿಮ್ಮ ಇಂಜಿನಿಯರಮ್ಮ ಪೈರನ್ನೇ ಕೀಳ್ತಿದಾಳೆ, ಕಳೆ ಆರಾಮಾಗಿದೆ ನೋಡೋ!" ಎಂದರು. ಅವನು ನಕ್ಕ. ಪಕ್ಕಕ್ಕೆ ಬಂದು ಎರಡನ್ನೂ ಕಿತ್ತು ತೋರಿಸಿದ. ಬೇರಿನ ಹತ್ತಿರದ ಬಣ್ಣ ನೋಡಬೇಕಂತೆ. ಆಮೇಲೆ ತಪ್ಪು ಕಡಿಮೆಯಾಯಿತು.

ಮಧ್ಯಾಹ್ನ ಅವರ ಮನೆಯಲ್ಲೇ ಊಟ. ಅಕ್ಕಿರೊಟ್ಟಿ, ಕೆಸುವಿನ ಸೊಪ್ಪಿನ ಪಲ್ಯ. ಉಂಡ ಮೇಲೆ ನನಗೆ ಒಂದು ಮಾತು ಅರ್ಥವಾಯಿತು. ಆ ಕೈಯಲ್ಲಿ ನಾನೂ ಬಿಲ್ ಕೊಡಲಾರೆ.

ಕಂಪನಿಯ ಮಾತನ್ನು ನಾನು ಎತ್ತಲಿಲ್ಲ. ಸಂಜೆ ಹೊರಡುವಾಗ ಅವನೇ ಹಳ್ಳ ದಾಟುವ ಸಾರದವರೆಗೆ ಬಂದ. "ಅಕ್ಕಾ, ಬೇರಿಂಗಿನ ದುಡ್ಡು ಸಂಬಳದಲ್ಲಿ ಹಿಡ್ಕಳಿ. ಕಂಪನಿ ಸಾಮಾನಲ್ಲಿ ನನ್ನ ಗದ್ದೆ ನಡ್ಸಿದ್ದು ತಪ್ಪೇ" ಎಂದ. ಅದರಲ್ಲಿ ಸಂಬಳ ಎಂಬ ಮಾತಿತ್ತು. ಶಿವರಾಮಯ್ಯ ಕೂಡಲೇ, "ಬೆಳಿಗ್ಗೆ ಮೇಲಿನ ಒಡ್ಡು ನಿಂದು, ಕೆಳಗಿಂದು ನಂದು" ಎಂದರು. ಅಷ್ಟರಲ್ಲಿ ಮುಗಿಯಿತು.

ಈಗ ಹೀಗೆ ಮಾಡಿದ್ದೇವೆ. ನಾಲ್ವರೂ ಕೂತು ಮಾಡಿದ್ದು, ನಾನೊಬ್ಬಳೇ ಅಲ್ಲ. ಸಾಮಾನಿಗೆ ಬಿಲ್ ಇದೆ, ಅದನ್ನು ಭವ್ಯಶ್ರೀ ಕಚೇರಿಯಿಂದ ಕಳಿಸುತ್ತಾಳೆ, ಹೋದವರು ಕೈಯಾರೆ ಕೊಡುವಂತಿಲ್ಲ. ಭೇಟಿಗೆ ಶುಲ್ಕವಿಲ್ಲ, ವರ್ಷಕ್ಕೊಮ್ಮೆ ಒಂದು ಮೊತ್ತ. ಜಾಲರಿಯ ಕಸ ಮಾತ್ರ ಮುಯ್ಯಿ. ಒಂದು ಹಳ್ಳದ ಮನೆಗಳು ಒಬ್ಬರದನ್ನೊಬ್ಬರು ನೋಡಿಕೊಳ್ಳುತ್ತವೆ, ನಮ್ಮ ಪಾಲಿನ ಸರದಿಗೆ ನಾವೂ ಹೋಗುತ್ತೇವೆ. ಹೂವಯ್ಯನವರು ಮಾತ್ರ ಒಪ್ಪಲಿಲ್ಲ. "ಒಂದ್ಸಲ ದುಡ್ಡು ಅಂದ್ರಿ, ಒಂದ್ಸಲ ಮುಯ್ಯಿ ಅಂತೀರಿ. ನಂಗೆ ದುಡ್ಡಿಂದೇ ಇರ್ಲಿ" ಎಂದರು. ಅವರ ಜಾಲರಿಗೆ ಸತೀಶ ಹೋಗಿ ಬರುತ್ತಾನೆ, ಶುಲ್ಕ ಬರುತ್ತದೆ. ಅಲ್ಲಿ ಅವನು ಈಗ ಊಟ ಮಾಡುವುದಿಲ್ಲ. ಇದನ್ನು ಸರಿಪಡಿಸುವುದು ಹೇಗೆಂದು ನನಗೆ ಗೊತ್ತಿಲ್ಲ.

ಯಂತ್ರಗಳು ತಿರುಗುತ್ತಿವೆ. ಆದರೆ ಕೆಲವಕ್ಕೆ ನಿಂತಿದ್ದ ದಿನಗಳಲ್ಲಿ ತಂಡಿ ಹಿಡಿದಿದೆ. ಟ್ರಸ್ಟಿನವರು ಬರುವ ಮೊದಲು ಎಲ್ಲ ಕಾಯಿಲುಗಳನ್ನೂ ಬಲ್ಲವರೊಬ್ಬರು ನೋಡಬೇಕು. ಚೀಲದಲ್ಲಿ ಹಾಕಿ ಕಳಿಸುವಷ್ಟು ಸಮಯವಿಲ್ಲ.

ಪೈಪಿನ ಸುರುಳಿಯನ್ನು ಕೆಳಗಿಟ್ಟಿದ್ದೇನೆ. ವಿಭಾ, ನೀನು ಬರುತ್ತೀಯಾ?

ಸೌಜನ್ಯಾ


ಸಾಗರ
೧೬ ಸೆಪ್ಟೆಂಬರ್ ೨೦೨೪

ಸೌಜನ್ಯಾ,

ಪಾಲುದಾರಳಾಗಿ ಬರುವುದಿಲ್ಲ. ಆ ಕಾಗದಕ್ಕೆ ಇನ್ನೊಮ್ಮೆ ಸಹಿ ಹಾಕುವ ಮನಸ್ಸು ನನಗಿಲ್ಲ, ಮುಂದೆ ಬರುತ್ತದೆಯೋ ಗೊತ್ತಿಲ್ಲ.

ಮುಯ್ಯಿಗೆ ಬರುತ್ತೇನೆ. ದಸರಾ ಕಳೆದ ಮೇಲೆ, ನಿನ್ನ ಕೆಲಸ ಮುಗಿಯುವವರೆಗೆ. ಜನವರಿಯಲ್ಲಿ ತೋಟ, ಗದ್ದೆಗಳ ಪಂಪು ಶುರುವಾಗಿ ಸುಟ್ಟ ಮೋಟಾರುಗಳು ನಮ್ಮ ಅಂಗಡಿಯ ಮುಂದೆ ರಸ್ತೆಯವರೆಗೆ ಬಂದು ನಿಲ್ಲುತ್ತವೆ. ಅಪ್ಪನಿಗೆ ಈಗ ಸಣ್ಣ ತಂತಿ ಕಾಣುವುದಿಲ್ಲ. ಆಗ ನೀನು ಇಲ್ಲಿಗೆ ಬರಬೇಕು. ಯಾರನ್ನೋ ಕಳಿಸುವುದಲ್ಲ, ನೀನೇ.

ನೀನು ಬರುತ್ತೀಯ ಎಂದು ಅಮ್ಮನಿಗೆ ಹೇಳಿದೆ. "ಅಂತೂ ಊಟಕ್ಕೆ ಬತ್ತು ಹೇಳಾತು" ಎಂದಳು.

ವಿಭಾ


ಸಾಗರ
೧೭ ಜನವರಿ ೨೦೨೫

ಶಿವರಾಮಯ್ಯನವರಿಗೆ, ಭವ್ಯಶ್ರೀ ಮತ್ತು ಸತೀಶನಿಗೆ,

ಈ ಪತ್ರದ ಜೊತೆ ಮಧ್ಯಾಹ್ನದ ಬಸ್ಸಿಗೆ ಒಂದು ಜನರೇಟರ್ ಹಾಕಿದ್ದೇನೆ. ವಿಭಾಳ ಅಂಗಡಿಯ ಕೆಲಸ ಮುಗಿದು ಮುಯ್ಯಿ ತೀರುವವರೆಗೆ ನಾನು ಇಲ್ಲೇ ಇರುತ್ತೇನೆ.

ಟ್ರಸ್ಟಿನವರು ಒಪ್ಪಿದ್ದಾರೆ ಎಂದು ಭವ್ಯಶ್ರೀ ಹೇಳಿದಳು. ಬ್ಯಾಕೋಡು ಕಡೆಗೆ ಇನ್ನಿಬ್ಬರು ಬೇಕಾಗುತ್ತಾರೆ. ಯಾರನ್ನು ಕೇಳೋಣ? ಸತೀಶ, ಆ ಕಡೆ ನಿನಗೆ ಗೊತ್ತಿರುವವರು ಇದ್ದಾರೆಯೇ? ಶಿವರಾಮಯ್ಯನವರೇ, ಅಲ್ಲಿಗೆ ಹೊಸಬರು ಬಂದರೆ ಪಾಳಿ ಹೇಗೆ ಮಾಡುವುದು? ಈ ಜನರೇಟರ್ ಮೊದಲು ಯಾರ ಮನೆಗೆ ಹೋಗಬೇಕು? ಮೂಕಾಂಬಿಕಮ್ಮನ ಹಳ್ಳದಲ್ಲಿ ಇನ್ನೂ ನೀರಿದೆಯೇ? ಹೂವಯ್ಯನವರು ಹೇಗಿದ್ದಾರೆ?

ನೀವು ಮಾತಾಡಿ ತೀರ್ಮಾನಿಸಿ. ನನಗೆ ಆಮೇಲೆ ತಿಳಿಸಿದರೆ ಸಾಕು.

ಸೌಜನ್ಯಾ

ಕೆಳಗೆ ನನ್ನದೊಂದು ಮಾತು: ಇದರ ಕಾಯಿಲ್ ಸುತ್ತಿದ್ದು ಸೌಜನ್ಯಾ. ಮೊದಲು ಸುತ್ತಿದ್ದನ್ನು ಬಿಚ್ಚಿಸಿದೆ, ಎರಡನೆಯದನ್ನೂ ಬಿಚ್ಚಿಸಿದೆ. ಯಾಕೆ ಎಂದು ಎರಡು ಸಲವೂ ಕೇಳಿದಳು. ಈಗ ಸರಿ ಇದೆ, ಧೈರ್ಯವಾಗಿ ಕೂರಿಸಿ. ಹೀಟರ್ ಮರೆಯಬೇಡಿ. ವಿಭಾ.